ಗೆಕ್ಕೊಗೆ ರಾಗಿ ತಿನ್ನಿಸಿದ ತಿರುಮಲ

ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ತಿರುಮಲ ಜೀವಮಾನದಲ್ಲಿ ಯಾರ ಮೇಲೂ ಹಗೆ ಸಾಧಿಸಿದವನಲ್ಲ, ಸುಣ್ಣವೊಂದನ್ನು ಬಿಟ್ಟು. ಎಣ್ಣೆ ಕಂಪನಿಗಳ ಪೈಪುಗಳ ಒಳಗೆ ಕ್ಯಾಲ್ಸಿಯಂ ಕಾರ್ಬೊನೇಟು ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಆನೆಯೊಂದು ಮದುವೆ ದಿಬ್ಬಣದ ಸಮೇತ ನುಗ್ಗಬಹುದಾಗಿದ್ದ ಕೊಳವೆ ಮೂರೇ ವರ್ಷದಲ್ಲಿ ಸೊಳ್ಳೆಯೂ ಉಸಿರು ಬಿಗಿಹಿಡಿದು ತೂರುವಷ್ಟು ಕಿರಿದಾಗುತ್ತದೆ. ಹಾಗಾಗದಂತೆ ಕಾಯುವುದು ತಿರುಮಲನ ಕೆಲಸ. ಡಲ್ಲಾಸಿನಲ್ಲಿ ಇಪ್ಪತ್ತೆರಡು ವರ್ಷ, ಹ್ಯೂಸ್ಟನ್ನಿನಲ್ಲಿ ಎಂಟು ವರ್ಷ, ಒಟ್ಟು ಮೂವತ್ತು ವರ್ಷ ಅವನು ಇದೊಂದೇ ಯುದ್ಧ ಮಾಡಿದ. ಐ-ಟೆನ್ ರಸ್ತೆಯ ಟ್ರಾಫಿಕ್ಕಿನಲ್ಲಿ ಅವನ ಕಾರು ಸುಮ್ಮನೆ ನಿಂತ ಹೊತ್ತನ್ನೆಲ್ಲ ಒಟ್ಟುಗೂಡಿಸಿದರೆ ಒಂದು ದ್ವಾಪರಯುಗ ಸಲೀಸಾಗಿ ಮುಗಿಯುತ್ತಿತ್ತು. ಆ ಯುಗವನ್ನೂ ಅವನು ಸುಣ್ಣದ ಯೋಚನೆಯಲ್ಲೇ ಕಳೆದ.

ಮನೆಯಲ್ಲೂ ಅಷ್ಟೆ. ಶನಿವಾರ ಬೆಳಗಾದರೆ ಬಚ್ಚಲುಮನೆಯ ಶವರನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಹಾಕುತ್ತಿದ್ದ. ಟೀ ಕಾಯಿಸುವ ಕೆಟಲಿನ ತಳಕ್ಕೆ ಟಾರ್ಚ್ ಬಿಟ್ಟು ನೋಡುತ್ತಿದ್ದ. ಸಾಲದ್ದಕ್ಕೆ ಡಲ್ಲಾಸಿನಲ್ಲಿದ್ದಾಗ ಅವನದೇ ಮೂತ್ರಪಿಂಡದಲ್ಲಿ ಒಂದು ಕಲ್ಲು ಬಂತು. ಡಾಕ್ಟರು ಅದು ಸಾಸಿವೆ ಕಾಳಿನಷ್ಟಿದೆ ಎಂದರು. ತಿರುಮಲ ಅದನ್ನು ಹುಣಸೆಬೀಜ ಎಂದ, ಮಾರನೇ ವರ್ಷ ಅಡಿಕೆ ಎಂದ, ಕೇಟಿಗೆ ಶಿಫ್ಟ್ ಆಗುವ ಹೊತ್ತಿಗೆ ಅದು ರುಬ್ಬುವ ಗುಂಡಿನ ಹತ್ತಿರ ಹತ್ತಿರ ಬಂದಿತ್ತು. ಕಲ್ಲಿನ ರಾಸಾಯನಿಕ ವರದಿಯಲ್ಲಿ ಕ್ಯಾಲ್ಸಿಯಂ ಎಂಬ ಪದ ಕಂಡಾಗ ಅವನು ಹೆಂಡತಿ ಗೋದಾವರಿಗೆ ತೋರಿಸಿ, ನೋಡಿದೆಯಾ, ಈ ಮುಂಡೇದು ಆಫೀಸಿನಿಂದ ನನ್ನ ಹಿಂದೆಯೇ ಮನೆಗೆ ಬಂದಿದೆ ಎಂದಿದ್ದ.

ಇಂಥವನ ಮನೆಗೆ ಕ್ಯಾಲ್ಸಿಯಂ ಪುಡಿ ಇಲ್ಲದೆ ಬದುಕಲಾರದ ಪ್ರಾಣಿಯೊಂದು ಬಂದು ಸೇರಿತು.

ಅದು ಬಂದದ್ದು ಡಲ್ಲಾಸು ಬಿಟ್ಟ ವರ್ಷ. ಮಗಳು ಹರ್ಷಿಣಿಗೆ ಆಗ ಹನ್ನೊಂದು. ಶಾಲೆ, ಗೆಳತಿಯರು, ಹಿತ್ತಿಲಿನ ಉಯ್ಯಾಲೆ ಎಲ್ಲವನ್ನೂ ಬಿಟ್ಟು ಹೊರಡಬೇಕು ಅಂದಾಗ ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಮೂರು ದಿನ ಯೋಚನೆ ಮಾಡಿ, ಬದಲಿಗೆ ನನಗೊಂದು ಲೆಪರ್ಡ್ ಗೆಕ್ಕೊ ಬೇಕು ಅಂದಳು. ಚಿರತೆಯ ಹಾಗೆ ಚುಕ್ಕೆ ಇರುವ, ಗೇಣುದ್ದದ, ಗೋಡೆ ಹತ್ತಲು ಬಾರದ ಹಲ್ಲಿ ಅದು. ಗೋದಾವರಿ ಮೈಸೂರಿನ ಅಗ್ರಹಾರದವಳು. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಂಡು, ಬಿದ್ದದ್ದು ಎಡಭುಜವೋ ಬಲಭುಜವೋ ಎಂದು ಪಂಚಾಂಗದಲ್ಲಿ ಫಲ ನೋಡುವ ಮನೆತನ. ಅಂಗಡಿಗೆ ಹೋಗಿ, ಆರಿಸಿ, ಡಬ್ಬಿ ಕಟ್ಟಿಸಿಕೊಂಡು ಹಲ್ಲಿ ತರುವ ಜನ ಭೂಮಿಯ ಮೇಲೆ ಇದ್ದಾರೆಂದು ಅವಳು ನಂಬಲು ಒಂದು ವಾರ ಬೇಕಾಯಿತು. ಆದರೂ ಮಗಳ ಮುಖ ನೋಡಿ ಒಪ್ಪಿದಳು. ತಂದದ್ದು ಹೆಣ್ಣು ಹಲ್ಲಿ; ಮಗಳು ಅದಕ್ಕೆ ಪಿಕಲ್ ಎಂದು ಹೆಸರಿಟ್ಟಳು. ಗೋದಾವರಿ ಅದನ್ನು ಏಳು ವರ್ಷ ಮುಟ್ಟಲಿಲ್ಲ, ಆದರೆ ಅಡುಗೆಮನೆಯಿಂದಲೇ ದಿನಕ್ಕೊಂದು ಸಲ, ಉಪ್ಪಿನಕಾಯಿ ಊಟ ಆಯ್ತಾ ಎಂದು ವಿಚಾರಿಸುತ್ತಿದ್ದಳು.

ಏಳು ವರ್ಷ ಹರ್ಷಿಣಿ ಆ ಜೀವವನ್ನು ಸಾಕಿದ ಬಗೆಯಲ್ಲಿ ಆಸ್ಪತ್ರೆಗಳು ರೋಗಿಗಳನ್ನು ನೋಡಿಕೊಂಡಿದ್ದರೆ ಯಮಧರ್ಮ ಎಂದೋ ಕೋಣ ಮಾರಿಬಿಡುತ್ತಿದ್ದ. ಆಮೇಲೆ ಅವಳಿಗೆ ಆಸ್ಟಿನ್ನಿನಲ್ಲಿ ಕಾಲೇಜು ಸಿಕ್ಕಿತು. ಹಾಸ್ಟೆಲಿನಲ್ಲಿ ಪ್ರಾಣಿ ಇಡುವಂತಿಲ್ಲ. ಆ ವರ್ಷದ ಆಗಸ್ಟಿನಲ್ಲಿ, ಹೊರಡುವ ಹಿಂದಿನ ಸಂಜೆ ಅವಳು ಒಂದು ಹಾಳೆಯನ್ನು ಅಪ್ಪನ ಕೈಗೆ ಕೊಟ್ಟಳು. ಒಂದೇ ಪುಟ. ದುಂಡಗಿನ ಅಕ್ಷರ. ಹುಳುವನ್ನು ಕೊಡುವ ಮೊದಲು ಪ್ರತಿ ಸಲವೂ ಬಿಳಿ ಡಬ್ಬಿಯ ಪುಡಿಯಲ್ಲಿ ಹೊರಳಿಸಬೇಕು. ವಾರಕ್ಕೊಮ್ಮೆ ಹಳದಿ ಮುಚ್ಚಳದ ಡಬ್ಬಿ, ಅದರಲ್ಲಿ ವಿಟಮಿನ್ ಡಿ ಸೇರಿದೆ. ದೀಪ ಬೆಳಿಗ್ಗೆ ಹತ್ತಬೇಕು, ಸಂಜೆ ಆರಬೇಕು, ಟೈಮರ್ ಮುಟ್ಟಬೇಡ. ಬೆಚ್ಚಗಿನ ಮೂಲೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಏನೇ ಅನುಮಾನ ಬಂದರೂ ನನಗೆ ಫೋನ್ ಮಾಡು.

ಕೊಟ್ಟು, ಅವನ ಮುಖ ನೋಡಿ ಕೇಳಿದಳು: "ಅಪ್ಪ, ಪ್ರಾಮಿಸ್?"

"ಪೈಪ್‌ಲೈನ್ ನೋಡ್ಕೊಳ್ಳೋನಿಗೆ ಒಂದು ಹಲ್ಲಿ ನೋಡ್ಕೊಳ್ಳಕ್ಕೆ ಆಗಲ್ವೇನೆ," ಎಂದ ತಿರುಮಲ.

ಮಗಳು ಹೋದ ಮೂರನೇ ದಿನ ಅವನು ಕನ್ನಡಕ ಹಾಕಿಕೊಂಡು ಬಿಳಿ ಡಬ್ಬಿಯ ಲೇಬಲ್ ಓದಿದ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿತ್ತು. ಬೇರೇನೂ ಇರಲಿಲ್ಲ. ಶುದ್ಧ ಶತ್ರು, ಡಬ್ಬಿಯ ತುಂಬ. ತಿರುಮಲನಿಗೆ ಕಾಲಡಿಯ ಟೈಲ್ಸು ಜಾರಿದಂತಾಯಿತು. ಆಳೆತ್ತರದ ಪೈಪನ್ನೇ ಮುಚ್ಚಿಹಾಕುವ ಸರಕನ್ನು ಸೇವಿಗೆ ಎಳೆಯಷ್ಟು ಕರುಳಿರುವ ಜೀವಕ್ಕೆ ದಿನಾ ತಿನ್ನಿಸುವುದೆಂದರೇನು? ಮಗಳು ಚಿಕ್ಕವಳು, ಇಂಟರ್‌ನೆಟ್ಟಿನಲ್ಲಿ ಯಾರೋ ಹೇಳಿದ್ದನ್ನು ನಂಬಿದ್ದಾಳೆ. ಹಲ್ಲಿಯ ಮೂತ್ರಪಿಂಡದಲ್ಲಿ ಕಲ್ಲಾದರೆ ಗತಿಯೇನು? ಕಲ್ಲಿನ ನೋವು ಏನೆಂದು ಅನುಭವಿಸಿದವನಿಗೆ ಗೊತ್ತು.

ಹಾಗೆಂದು ಕ್ಯಾಲ್ಸಿಯಂ ಬೇಡ ಎನ್ನುವಷ್ಟು ದಡ್ಡ ಅವನಲ್ಲ. ಮೂಳೆಗೆ ಬೇಕು, ಆದರೆ ಕಲ್ಲಿನ ರೂಪದಲ್ಲಿ ಬೇಡ, ಆಹಾರದ ರೂಪದಲ್ಲಿ ಬೇಕು. ಆಹಾರದಲ್ಲಿ ಕ್ಯಾಲ್ಸಿಯಂ ಎಲ್ಲಿದೆ ಎಂದು ಮೈಸೂರು ಸೀಮೆಯವನನ್ನು ನಿದ್ದೆಯಲ್ಲಿ ಕೇಳಿದರೂ ಒಂದೇ ಉತ್ತರ ಬರುತ್ತದೆ. ಗೋದಾವರಿಯ ಡಬ್ಬಿಯಲ್ಲಿ ರಾಗಿಹಿಟ್ಟು ಸದಾ ಇರುತ್ತಿತ್ತು. ಹರ್ಷಿಣಿ ಬೆಳೆದದ್ದೇ ರಾಗಿಸರಿ ತಿಂದು; ತಿರುಮಲನ ಪ್ರಕಾರ ಅವಳು ಎಂಟು ತಿಂಗಳಿಗೆ ತೊಟ್ಟಿಲಿನ ಕಟಾಂಜನ ಮುರಿದದ್ದು ಅದೇ ರಾಗಿಯ ಬಲದಿಂದ. ಅವನು ಹಿಟ್ಟನ್ನು ಬಟ್ಟೆಯಲ್ಲಿ ಶೋಧಿಸಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರೊಳಗೆ ಜೀರುಂಡೆಗಳನ್ನು ಬಿಟ್ಟು ಕುಲುಕಿದ. ಕಂದುಬಣ್ಣ ಬಳಿದುಕೊಂಡು ಹೊರಬಂದ ಜೀರುಂಡೆಗಳು ಬಿಸಿಲಲ್ಲಿ ಕಳೆ ಕಿತ್ತು ಬಂದವರಂತೆ ಕಾಣುತ್ತಿದ್ದವು. ಪಿಕಲ್ ಅವನ್ನು ಗಬಗಬನೆ ತಿಂದಳು. ತಿರುಮಲ ಬಿಳಿ ಡಬ್ಬಿ, ಹಳದಿ ಡಬ್ಬಿ ಎರಡನ್ನೂ ಶೆಲ್ಫಿನ ಹಿಂದಕ್ಕೆ ತಳ್ಳಿದ.

ದೀಪದ ವಿಷಯವೂ ಹೀಗೇ. ಎಳೆಮಕ್ಕಳಿಗೆ ಎಣ್ಣೆ ಸವರಿ ಬೆಳಗಿನ ಬಿಸಿಲಿಗೆ ಹಿಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂಬುದನ್ನು ಅವನು ಬಲ್ಲ. ಟೆಕ್ಸಸ್ಸಿನಲ್ಲಿ ಬಿಸಿಲಿಗೆ ಬರವೆ? ಕಾರಿನ ಬಾನೆಟ್ಟಿನ ಮೇಲೆ ಹಪ್ಪಳ ಇಟ್ಟರೆ ಹಪ್ಪಳ ತಾನಾಗಿಯೇ ಮಗ್ಗುಲು ಬದಲಿಸುವ ಬಿಸಿಲು. ಇಂಥ ಊರಿನಲ್ಲಿ ನೇರಳೆ ಬಣ್ಣದ ಟ್ಯೂಬು ಯಾಕೆ ಎಂದು ಅವನು ಟೈಮರ್ ಕಿತ್ತ. ಗಾಜಿನ ಪೆಟ್ಟಿಗೆಯನ್ನು ಪೂರ್ವದ ಕಿಟಕಿಯ ಪಕ್ಕಕ್ಕೆ ಸರಿಸಿದ. ಬೆಳಗಿನ ಎಳೆಬಿಸಿಲು ಎರಡು ಗಾಜು ದಾಟಿ ಪಿಕಲ್ ಮೇಲೆ ಬೀಳುವುದನ್ನು ನೋಡಿ, ಈಗ ನೋಡು, ಇದು ಸೂರ್ಯ ಅಂದರೆ, ಎಂದು ಅದಕ್ಕೆ ಪರಿಚಯ ಮಾಡಿಸಿದ.

ಪ್ರತಿ ಭಾನುವಾರ ಆಸ್ಟಿನ್ನಿನಿಂದ ವಿಡಿಯೊ ಕಾಲ್ ಬರುತ್ತಿತ್ತು. ಹರ್ಷಿಣಿ ಅಪ್ಪ ಅಮ್ಮನನ್ನು ಎರಡು ನಿಮಿಷ ಮಾತಾಡಿಸಿ, ಪಿಕಲ್‌ನ ತೋರಿಸು ಅನ್ನುತ್ತಿದ್ದಳು. ಪ್ರತಿಸಲ ಪುಡಿ ಹಾಕ್ತಿದ್ದೀಯಾ ಎಂದು ಕೇಳುತ್ತಿದ್ದಳು. ಹಾಕ್ತಿದ್ದೀನಮ್ಮ, ಒಂದು ದಿನವೂ ತಪ್ಪಿಸಿಲ್ಲ ಎಂದು ತಿರುಮಲ ಹೇಳುತ್ತಿದ್ದ. ಆ ಮಾತು ಅಕ್ಷರಶಃ ನಿಜ. ಅದನ್ನು ಬಿಳಿ ಸುಳ್ಳು ಅನ್ನುವಂತೆಯೂ ಇರಲಿಲ್ಲ, ಅದರ ಬಣ್ಣ ರಾಗಿಯದು. ರಾಗಿ ಎಂದು ಬಾಯಿಬಿಟ್ಟು ಹೇಳಬೇಕು ಅಂತ ಅವನಿಗೆ ಒಂದೆರಡು ಸಲ ಅನಿಸಿತ್ತು. ಹೇಳಿದರೆ ಮಗಳು ವಾದ ಹೂಡುತ್ತಾಳೆ, ವಾದದಲ್ಲಿ ಅವಳೇ ಗೆಲ್ಲುತ್ತಾಳೆ; ಬೇಸಿಗೆಗೆ ಬಂದು ಗುಂಡುಗುಂಡಾದ ಹಲ್ಲಿಯನ್ನು ನೋಡಿದಾಗ ಹೇಳಿದರಾಯಿತು ಎಂದು ಸುಮ್ಮನಾದ.

ಮಾರ್ಚಿನಲ್ಲಿ ಪಿಕಲ್ ಎರಡು ಮೊಟ್ಟೆ ಇಟ್ಟಳು. ಗಂಡಿನ ಮುಖವನ್ನೇ ನೋಡದ ಹಲ್ಲಿ ಮೊಟ್ಟೆ ಇಟ್ಟದ್ದು ಕಂಡು ಗೋದಾವರಿ ಕೆನ್ನೆಗೆ ಕೈಯಿಟ್ಟು ನಿಂತಳು. ಈ ಜಾತಿಯಲ್ಲಿ ಹಾಗೂ ಉಂಟು, ಮರಿಯಾಗದ ಬರೀ ಮೊಟ್ಟೆ ಅದು ಎಂದು ಮಗಳು ಫೋನಿನಲ್ಲಿ ತಿಳಿಸಿ, ಇನ್ನು ಒಂದು ತಿಂಗಳು ಪುಡಿ ಚೆನ್ನಾಗಿ ಹಾಕು ಅಪ್ಪ, ಮೊಟ್ಟೆಗೆ ಅವಳ ಮೂಳೆಯಿಂದಲೇ ಕ್ಯಾಲ್ಸಿಯಂ ಹೋಗಿರುತ್ತೆ ಎಂದಳು. ಗೋದಾವರಿಗೆ ಇದು ಚೆನ್ನಾಗಿ ಅರ್ಥವಾಯಿತು. ಅದುವರೆಗೆ ಪೆಟ್ಟಿಗೆಯಿಂದ ಆರಡಿ ದೂರ ನಿಲ್ಲುತ್ತಿದ್ದವಳು ಅವತ್ತು ಎರಡಡಿಗೆ ಬಂದಳು. ಬಾಣಂತಿ, ಪಾಪ, ಬೆಚ್ಚಗಿಡಿ ಎಂದಳು. ತಿರುಮಲ ರಾಗಿಯನ್ನು ಇಮ್ಮಡಿ ಮಾಡಿದ. ಜೀರುಂಡೆಗಳಿಗೇ ರಾಗಿ ತಿನ್ನಿಸಿ, ಮೇಲೂ ರಾಗಿ ಬಳಿದು, ಒಳಗೂ ಹೊರಗೂ ರಾಗಿಯಾದ ಹುಳುಗಳನ್ನು ಬಾಣಂತಿಗೆ ಬಡಿಸಿದ.

ಬಾಣಂತಿ ಏಳಲಿಲ್ಲ. ಮೊದಲು ಅವಳ ಹೊಟ್ಟೆ ನೆಲಕ್ಕೆ ತಾಗಿತು. ಅಂಗೈ ಊರಿ ನಡೆಯುತ್ತಿದ್ದವಳು ಮಣಿಕಟ್ಟು ಊರಿ ತೆವಳತೊಡಗಿದಳು. ಬಾಲದಲ್ಲಿ ಒಂದು ಸೊಟ್ಟ ಕಂಡಿತು. ಏಪ್ರಿಲ್ ಮೊದಲ ಭಾನುವಾರ ಹರ್ಷಿಣಿ ಫೋನಿನ ಪರದೆಗೆ ಮುಖ ಹತ್ತಿರ ತಂದು, ಅವಳು ಯಾಕೆ ಹಾಗೆ ನಡೀತಿದ್ದಾಳೆ ಎಂದು ಕೇಳಿದಳು. ಸೋಮಾರಿತನ, ತಿಂದು ತಿಂದು ಕೊಬ್ಬಿದ್ದಾಳೆ ಎಂದು ತಿರುಮಲ ನಕ್ಕ. ಫೋನನ್ನು ಬೇಗ ಗೋದಾವರಿಯ ಕಡೆ ತಿರುಗಿಸಿದ. ಮಗಳು ಪುನಃ ಕೇಳಿದಾಗ, ಬಾಣಂತನ ಅಲ್ವೇನೆ, ಸುಧಾರಿಸ್ಕೊಳ್ತಾಳೆ ಎಂದ.

ಮುಂದೆ ಎಷ್ಟೋ ತಿಂಗಳು ಅವನನ್ನು ಕೊರೆದದ್ದು ರಾಗಿಯಲ್ಲ, ಆ ನಗು. ರಾಗಿ ಹಾಕಿದ್ದು ತಿಳಿಯದೆ. ನಕ್ಕದ್ದು ತಿಳಿದು. ಬಾಲದ ಸೊಟ್ಟವನ್ನು ಅವನು ಆ ಭಾನುವಾರಕ್ಕೆ ಮೊದಲೇ ಕಂಡಿದ್ದ.

ಎರಡು ವಾರದ ಮೇಲೆ ಪಿಕಲ್ ಜೀರುಂಡೆಯನ್ನು ಕಚ್ಚಿದಳು, ದವಡೆ ಅದುಮಲಿಲ್ಲ. ಹುಳು ಬಾಯಿಂದ ಇಳಿದು ನಡೆದುಹೋಯಿತು. ತಿರುಮಲ ಬೆರಳಿನಿಂದ ಮೆಲ್ಲಗೆ ಅವಳ ಗದ್ದ ಮುಟ್ಟಿದ. ಅದು ನೆನೆಸಿದ ತೊಗಲಿನಂತೆ ಬಾಗಿತು. ಹಿಂಗಾಲಿನ ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು.

ಅವತ್ತು ಭಾನುವಾರ. ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ಮಧ್ಯಾಹ್ನದ ಊಟದ ಸಾಲಿನಲ್ಲಿ ಡಾಕ್ಟರ್ ಉದಯಶಂಕರ ಸಿಕ್ಕೇ ಸಿಗುತ್ತಾರೆಂದು ತಿರುಮಲನಿಗೆ ಗೊತ್ತಿತ್ತು. ಅವರು ಮೂಳೆ ಡಾಕ್ಟರು, ಹ್ಯೂಸ್ಟನ್ನಿನ ಅರ್ಧ ಜನರ ಮೊಣಕಾಲು ಬದಲಾಯಿಸಿದವರು. ದೇವಸ್ಥಾನದಲ್ಲಿ ಅವರು ಪ್ರದಕ್ಷಿಣೆ ಹೊರಟರೆ ಹಿಂದೆ ಹದಿನಾಲ್ಕು ಮೊಣಕಾಲು, ಆರು ಸೊಂಟ ಪ್ರದಕ್ಷಿಣೆ ಹೊರಡುತ್ತವೆ. ದೇವರು ವರ ಕೊಡುವುದು ತಡವಾಗಬಹುದು, ಉದಯಶಂಕರ ಪುಳಿಯೋಗರೆ ತಟ್ಟೆ ಕೈಯಲ್ಲಿ ಹಿಡಿದೇ ಸಲಹೆ ಕೊಡುತ್ತಾರೆ. ತಿರುಮಲ ಹಿಂದೆ ನಿಂತು, ದವಡೆ ಮೆತ್ತಗಾಗಿ ಕೈಕಾಲು ನಡುಗಿದರೆ ಏನು ಸಾರ್ ಎಂದ.

"ಯಾರಿಗ್ರೀ? ಗೋದಾವರಿಯವರಿಗಾ?" ಅವರು ಗಾಬರಿಯಿಂದ ತಿರುಗಿದರು.

"ಅಲ್ಲ ಸಾರ್. ಮಗಳು ಒಂದು ಹಲ್ಲಿ ಸಾಕಿದ್ದಾಳೆ."

ಉದಯಶಂಕರ ಅವನನ್ನೊಮ್ಮೆ, ಪುಳಿಯೋಗರೆಯನ್ನೊಮ್ಮೆ ನೋಡಿದರು. ಮೂವತ್ತೈದು ವರ್ಷದ ವೃತ್ತಿಯಲ್ಲಿ ಬಾಲವಿರುವ ರೋಗಿಯ ಬಗ್ಗೆ ಯಾರೂ ಕೇಳಿರಲಿಲ್ಲವಂತೆ. ಆದರೂ ಅಭ್ಯಾಸಬಲದಿಂದ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ತಿರುಮಲ ಹೇಳಿದ. ರಾಗಿಯನ್ನೂ ಹೇಳಿದ, ಕಿಟಕಿಯನ್ನೂ ಹೇಳಿದ. ಏಳು ತಿಂಗಳಲ್ಲಿ ಅವನು ರಾಗಿ ಎಂದು ಮತ್ತೊಬ್ಬರ ಮುಂದೆ ಉಚ್ಚರಿಸಿದ್ದು ಅದೇ ಮೊದಲು. ಉದಯಶಂಕರರ ಮುಖದಿಂದ ನಗು ಇಳಿಯಿತು.

"ಮೂಳೆಗೆ ಬೇಕಾದ್ದು ಕಿಟಕಿ ಗಾಜು ದಾಟಲ್ಲ ಕಣ್ರೀ. ಬರೀ ಬೆಳಕು ಬರತ್ತೆ, ಮೂಳೆ ಕಟ್ಟೋ ಕಿರಣ ಆಚೇನೇ ನಿಲ್ಲತ್ತೆ. ಅದನ್ನ ಪ್ರಾಣಿ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ. ನಾಳೆ ಅಲ್ಲ, ಈಗ."

ಅವನು ಊಟ ಬಿಟ್ಟು ಹೊರಟ. ಹಾವು, ಆಮೆ, ಗಿಳಿಗಳನ್ನಷ್ಟೇ ನೋಡುವ, ಭಾನುವಾರವೂ ಬಾಗಿಲು ತೆರೆದಿರುವ ಆಸ್ಪತ್ರೆಯೊಂದು ಪಶ್ಚಿಮ ಹ್ಯೂಸ್ಟನ್ನಿನಲ್ಲಿತ್ತು. ಗೋದಾವರಿ ಹಳೇ ಪಂಚೆಯನ್ನು ಮಡಿಸಿ ಡಬ್ಬಿಯೊಳಗೆ ಹಾಸಿದಳು. ಅಲ್ಲಿನ ಹಜಾರದಲ್ಲಿ ಒಬ್ಬಳ ಭುಜದ ಮೇಲಿದ್ದ ಗಿಳಿ ತಿರುಮಲನನ್ನು ನೋಡಿ, ವಾಟ್ ಡಿಡ್ ಯು ಡೂ ಎಂದು ಒಂದೇ ಸಮನೆ ಕೇಳುತ್ತಿತ್ತು. ಅದು ಎಲ್ಲರಿಗೂ ಹಾಗೇ ಕೇಳುತ್ತದೆ ಎಂದು ಗಿಳಿಯ ಒಡತಿ ಸಮಾಧಾನ ಹೇಳಿದಳು. ತಿರುಮಲನಿಗೆ ಸಮಾಧಾನವಾಗಲಿಲ್ಲ.

ಡಾಕ್ಟರಮ್ಮ ತೆಳ್ಳಗಿನ, ಮಾತು ಕಮ್ಮಿಯ ಅಮೆರಿಕನ್ ಹೆಂಗಸು. ಪಿಕಲ್‌ಳ ದವಡೆ, ಬೆನ್ನು, ಕಾಲು ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿ, ಪರದೆಯ ಮೇಲೆ ಹಾಕಿದಳು. ವಿವರಿಸಲು ಬಾಯಿ ತೆರೆದಳು, ಆದರೆ ವಿವರಿಸುವ ಅಗತ್ಯ ಬೀಳಲಿಲ್ಲ. ಪೈಪುಗಳ ಗೋಡೆ ಎಷ್ಟು ಸವೆದಿದೆ ಎಂದು ನೋಡಲು ತಿರುಮಲ ಮೂವತ್ತು ವರ್ಷ ಎಕ್ಸ್‌ರೇಗಳನ್ನೇ ಓದಿದ್ದ. ಗಟ್ಟಿ ಲೋಹ ಬೆಳ್ಳಗೆ ಕಾಣುತ್ತದೆ, ಸವೆದದ್ದು ಬೂದಿಯಾಗಿ ಕಾಣುತ್ತದೆ, ತೂತಾಗುವುದು ಕಪ್ಪಿನಲ್ಲಿ ಕರಗುತ್ತದೆ. ಇಲ್ಲಿ ಒಂದು ಹಲ್ಲಿಯ ಆಕಾರವಿತ್ತು, ಒಳಗೆ ಹೊಗೆಯಷ್ಟೇ ಮೂಳೆ. ತೊಡೆಯ ಮೂಳೆ ಬಿಲ್ಲಿನಂತೆ ಬಗ್ಗಿತ್ತು. ಒಂದು ಕಡೆ ಕೂದಲಿನಷ್ಟು ಬಿರುಕು. ಇಂಥ ಗೋಡೆಯ ಪೈಪನ್ನು ಕಂಡಿದ್ದರೆ ಅವನು ಅರ್ಧ ಟೆಕ್ಸಸ್ಸಿನ ವಾಲ್ವುಗಳನ್ನು ಆ ಕ್ಷಣದಲ್ಲೇ ಮುಚ್ಚಿಸುತ್ತಿದ್ದ.

ಬಿಳಿ ಪುಡಿಯಲ್ಲಿ ಇರುವಷ್ಟು ಕ್ಯಾಲ್ಸಿಯಂ ರಾಗಿಯಿಂದ ಬರಬೇಕಾದರೆ ನೂರು ಪಟ್ಟಿಗೂ ಮೀರಿ ರಾಗಿ ಬೇಕು ಎಂದಳು ಡಾಕ್ಟರಮ್ಮ. ಅದರ ಮೇಲೆ, ಜೀರುಂಡೆಯ ಮೈಯಲ್ಲಿ ರಂಜಕ ಜಾಸ್ತಿ, ಅದು ಇದ್ದ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ದೀಪವಿಲ್ಲ, ವಿಟಮಿನ್ ಇಲ್ಲ, ಮೊಟ್ಟೆ ಬೇರೆ. ಅವಳು ತನ್ನ ಮೂಳೆಯನ್ನೇ ಕರಗಿಸಿಕೊಂಡು ಬದುಕಿದ್ದಾಳೆ. ತಿರುಮಲ ಬದುಕಿನಲ್ಲಿ ನೂರು, ಸಾವಿರ, ಲಕ್ಷ ಎಂದು ಎಷ್ಟೋ ಸಲ ಹೇಳಿದ್ದಾನೆ. ಯಾರಾದರೂ ನೂರು ಎಂದು ಹೇಳಿ ಅದು ನಿಜಕ್ಕೂ ನೂರಾಗಿದ್ದದ್ದು ಅದೊಂದೇ ಸಲ.

ಉಳಿಯುತ್ತಾಳೆಯೇ ಎಂದು ಕೇಳಿದ. ಉಳಿಯಬಹುದು ಎಂದಳು. ಕಾಲು? ಮೂಳೆ ಮತ್ತೆ ಗಟ್ಟಿಯಾಗುತ್ತದೆ, ಆದರೆ ಈಗ ಹೇಗೆ ಬಗ್ಗಿದೆಯೋ ಹಾಗೇ ಗಟ್ಟಿಯಾಗುತ್ತದೆ. ಎರಡು ವಾರ ಮುಂಚೆ ಬಂದಿದ್ದರೆ ಹಿಂಗಾಲು ನೆಟ್ಟಗೆ ಉಳಿಯುತ್ತಿತ್ತೇನೋ. ಅವಳು ಅದನ್ನು ಆಪಾದನೆಯಂತೆ ಹೇಳಲಿಲ್ಲ. ಎರಡು ವಾರದ ಹಿಂದಿನ ಭಾನುವಾರ ಯಾರು ನಕ್ಕಿದ್ದರೆಂಬುದು ಅವಳಿಗೇನು ಗೊತ್ತು?

ಮೂರು ದಿನ ಪಿಕಲ್ ಆಸ್ಪತ್ರೆಯಲ್ಲೇ ಇದ್ದು ಇಂಜೆಕ್ಷನ್ ಚುಚ್ಚಿಸಿಕೊಂಡಳು. ನಡುಕ ನಿಂತ ಮೇಲೆ ಮನೆಗೆ ಕಳಿಸಿದರು. ತಿರುಮಲ ಆಫೀಸಿಗೆ ರಜೆ ಬರೆದ. ಬೆಳಿಗ್ಗೆ ಸಂಜೆ ದ್ರವರೂಪದ ಕ್ಯಾಲ್ಸಿಯಮ್ಮನ್ನು ಮೂತಿಯ ತುದಿಗೆ ಒಂದೊಂದೇ ಹನಿ ಇಡಬೇಕು, ಅವಳೇ ನೆಕ್ಕಿಕೊಳ್ಳಬೇಕು. ದವಡೆ ಹಿಡಿದು ಬಾಯಿ ತೆರೆಸುವಂತಿಲ್ಲ, ಮುರಿಯುತ್ತದೆ. ಹುಳುವಿನ ಬದಲು ಮೆತ್ತಗಿನ ಹಿಟ್ಟು ಕಲಸಿ ನೆಕ್ಕಿಸಬೇಕು. ಕಲ್ಲು, ಕೊಂಬೆ ಎಲ್ಲ ತೆಗೆದು ನೆಲಕ್ಕೆ ಕಾಗದ ಹಾಸಬೇಕು, ಬಿದ್ದರೆ ಕಾಲು ಉಳಿಯುವುದಿಲ್ಲ. ಎತ್ತುವಾಗ ಎರಡೂ ಅಂಗೈಯಲ್ಲಿ ಹೊಟ್ಟೆ ಪೂರಾ ಆತುಕೊಳ್ಳುವ ಹಾಗೆ ಎತ್ತಬೇಕು. ಹೊಸ ದೀಪ ಬಂತು, ಟೈಮರ್ ತನ್ನ ಜಾಗಕ್ಕೆ ಮರಳಿತು. ಒಂದು ಹನಿ ನೆಕ್ಕಲು ಪಿಕಲ್ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಹಿಮಾಲಯ ಎರಡು ಅಂಗುಲ ಬೆಳೆಯುತ್ತಿತ್ತು. ತಿರುಮಲ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಿದ್ದ. ಆಯುಷ್ಯವಿಡೀ ಪೈಪುಗಳಿಂದ ಸುಣ್ಣ ಕೆರೆದವನು, ಈಗ ಒಂದು ನಾಲಿಗೆಯ ತುದಿಗೆ ಹನಿ ಹನಿಯಾಗಿ ಸುಣ್ಣ ದಾಟಿಸುತ್ತಿದ್ದ.

ಮಗಳಿಗೆ ಹೇಳಬೇಕಿತ್ತು. ಅವಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಮುಗಿಯಲಿ ಎಂದಳು ಗೋದಾವರಿ. ಪರೀಕ್ಷೆ ಮುಗಿಯಲಿ ಎಂಬ ಮಾತಿನ ಹಿಂದೆ ಕನ್ನಡದ ತಂದೆತಾಯಿ ಏನನ್ನು ಬೇಕಾದರೂ ಬಚ್ಚಿಡಬಲ್ಲರು, ಭೂಕಂಪವನ್ನು ಕೂಡ. ತಿರುಮಲ ಆ ಮಾತಿನ ನೆರಳಿಗೆ ಖುಷಿಯಿಂದಲೇ ಸರಿದ. ಮೂರು ಭಾನುವಾರ ಪಿಕಲ್ ಮಲಗಿದ್ದಾಳೆ ಎಂದ.

ಮೇ ತಿಂಗಳಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿ ಮಗಳನ್ನು ಕರೆತರಲು ಅವನೊಬ್ಬನೇ ಆಸ್ಟಿನ್ನಿಗೆ ಡ್ರೈವ್ ಮಾಡಿದ. ಹೇಳುವ ಮಾತನ್ನು ಕೊಲಂಬಸ್ ಊರು ದಾಟುವಾಗ ಒಂದು ಥರ ಜೋಡಿಸಿದ, ಲಾ ಗ್ರೇಂಜ್ ದಾಟುವಾಗ ಇನ್ನೊಂದು ಥರ, ಬ್ಯಾಸ್ಟ್ರಪ್ಪಿನಲ್ಲಿ ಮೂರನೇ ಥರ. ಹಾಸ್ಟೆಲಿನ ಮೆಟ್ಟಿಲ ಮೇಲೆ ಅವಳು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಅವಳ ಮುಖ ಕಂಡಾಗ ಮೂರೂ ಮರೆತುಹೋದವು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ: ಲೇಬಲ್ಲು, ರಾಗಿ, ಕಿಟಕಿ, ಎಕ್ಸ್‌ರೇ. ನಕ್ಕದ್ದನ್ನೂ ಹೇಳಿದ.

ಹರ್ಷಿಣಿ ಕೇಳಿದಳು.

"ಹಾಳೆ ಓದಿದ್ದೆ ತಾನೆ?"

"ಓದಿದ್ದೆ."

"ಇಟ್ ವಾಸ್ ಒನ್ ಪೇಜ್, ಅಪ್ಪ. ಫೋನ್ ಮಾಡು ಅಂತನೂ ಬರೆದಿದ್ದೆ."

"ಹೂಂ."

"ಹಾಗಾದ್ರೆ ಯಾಕೆ?"

ಸೊಳ್ಳೆಯನ್ನು ಐರಾವತ ಮಾಡುವ ನಾಲಿಗೆ ಅವನದು. ಅವತ್ತು ಅದರಿಂದ ಹೊರಟದ್ದು ಮೂರೇ ಪದ. ನನಗೆ ಗೊತ್ತು ಅಂದುಕೊಂಡಿದ್ದೆ ಎಂದ. ಅವಳು ತಲೆಯಾಡಿಸಿ, ಎದ್ದು, ಒಂದು ಪೆಟ್ಟಿಗೆ ಎತ್ತಿಕೊಂಡು ಕಾರಿನ ಕಡೆ ನಡೆದಳು.

ಬರುವಾಗ ಲಾ ಗ್ರೇಂಜಿನಲ್ಲಿ ಅವನು ಕಾರು ನಿಧಾನಿಸಿದ. ಅಲ್ಲಿನ ಬೇಕರಿಯಲ್ಲಿ ಹಣ್ಣಿಟ್ಟು ಬೇಯಿಸಿದ ಕೊಲಾಚೆ ಬನ್ನು ತಿನ್ನದೆ ಅವಳು ಆ ಊರು ದಾಟಿದ್ದೇ ಇಲ್ಲ. ಹೋಗೋಣ ಅಪ್ಪ ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಮೇಲಕ್ಕೆ ಹೋದಳು. ಬಾಗಿಲ ಹತ್ತಿರ ನಿಂತ ತಿರುಮಲನಿಗೆ ಅವಳ ಬೆನ್ನು ಕಾಣುತ್ತಿತ್ತು. ಅವಳು ಎರಡು ಅಂಗೈ ಜೋಡಿಸಿ ನೆಲಕ್ಕಿಟ್ಟಳು. ಪಿಕಲ್ ಮಣಿಕಟ್ಟಿನ ಮೇಲೆ ತೆವಳಿ, ಸೊಟ್ಟ ಕಾಲನ್ನು ಎಳೆದುಕೊಂಡು, ಆ ಅಂಗೈಗಳ ಮೇಲೆ ಹತ್ತಿ ಗದ್ದ ಊರಿದಳು. ಅವಳ ಗದ್ದ ಆಗಲೇ ಸ್ವಲ್ಪ ಗಟ್ಟಿಯಾಗಿತ್ತು. ತಿರುಮಲ ಸದ್ದಿಲ್ಲದೆ ಕೆಳಗಿಳಿದ.

ಅವಳು ಜಗಳ ಮಾಡಲಿಲ್ಲ. ಹನ್ನೊಂದರ ವಯಸ್ಸಿನಲ್ಲೂ ಮಾಡಿರಲಿಲ್ಲವಲ್ಲ. ಬೇಸಿಗೆಯಿಡೀ ತಾನೇ ಹನಿ ಹಾಕಿದಳು, ತಾನೇ ಪುಡಿ ಉದುರಿಸಿದಳು. ತಿರುಮಲ ಹತ್ತಿರ ಹೋದರೆ, ಪರವಾಗಿಲ್ಲ ಅಪ್ಪ, ಐ ಗಾಟ್ ಇಟ್ ಅನ್ನುತ್ತಿದ್ದಳು. ಆ ಪರವಾಗಿಲ್ಲ ಎಂಬ ಪದ ಅವನಿಗೆ ಬೈಗುಳಕ್ಕಿಂತ ಭಾರವಾಯಿತು. ಬೈದಿದ್ದರೆ ಅವನು ಅದನ್ನೇ ಹಿಗ್ಗಿಸಿ ಹಿಗ್ಗಿಸಿ ಒಂದು ಕತೆ ಮಾಡಿ ಹಗುರಾಗುತ್ತಿದ್ದ. ಆಗಸ್ಟಿನಲ್ಲಿ ಅವಳು ಪ್ರಾಣಿ ಇಡಬಹುದಾದ ಅಪಾರ್ಟ್‌ಮೆಂಟ್ ಹುಡುಕಿಕೊಂಡಳು, ಪಿಕಲ್‌ಳನ್ನು ಪೆಟ್ಟಿಗೆ, ದೀಪ, ಡಬ್ಬಿಗಳ ಸಮೇತ ಆಸ್ಟಿನ್ನಿಗೆ ಒಯ್ದಳು. ಪೂರ್ವದ ಕಿಟಕಿಯ ಪಕ್ಕ ಕಾರ್ಪೆಟ್ಟಿನ ಮೇಲೆ ನಾಲ್ಕು ಕಾಲಿನ ಗುರುತು ಉಳಿಯಿತು. ಗೋದಾವರಿ ಅಲ್ಲಿ ಕುಂಡ ಇಡುತ್ತೇನೆಂದಾಗ ತಿರುಮಲ ಬೇಡ ಎಂದ.

ದೇವಸ್ಥಾನದಲ್ಲಿ ಈಗ ಉದಯಶಂಕರರ ಹಿಂದೆ ಮೊಣಕಾಲುಗಳು ಹೊರಟರೆ ತಿರುಮಲನ ಹಿಂದೆ ಎರಡು ಮೂರು ಮಕ್ಕಳು ಹೊರಡುತ್ತಾರೆ. ಅವರಿಗೆ ಅವನು ಹಲ್ಲಿ ಅಂಕಲ್. ಮನೆಯಲ್ಲಿ ಗೆಕ್ಕೊ ಇದ್ದರೆ ಬಿಳಿ ಪುಡಿ ಪ್ರತಿಸಲ, ದೀಪ ಪ್ರತಿದಿನ, ಗದ್ದ ಮೆತ್ತಗಾದರೆ ಅದೇ ದಿನ ಡಾಕ್ಟರು ಎಂದು ಹೇಳುತ್ತಾನೆ. ಈ ಮಾತಿಗೆ ಅವನು ಒಂದು ಗುಲಗಂಜಿ ತೂಕವನ್ನೂ ಕೂಡಿಸುವುದಿಲ್ಲ. ಕೇಳಿದವರಿಗೆ ಇವನು ನಮ್ಮ ತಿರುಮಲನೇ ಹೌದೇ ಎಂದು ಅನುಮಾನ ಬರುತ್ತದೆ.

ಡಿಸೆಂಬರಿನಲ್ಲಿ ಹರ್ಷಿಣಿಗೆ ಡಲ್ಲಾಸಿನ ಒಂದು ಕಂಪನಿಯಲ್ಲಿ ಹತ್ತು ದಿನದ ತರಬೇತಿ ಬಂತು. ಅಪಾರ್ಟ್‌ಮೆಂಟಿನಲ್ಲಿ ಜೊತೆಗಿದ್ದ ಹುಡುಗಿ ರಜೆಗೆ ಊರಿಗೆ ಹೋಗಿದ್ದಳು. ಒಂದು ಶನಿವಾರ ಬೆಳಿಗ್ಗೆ ಹರ್ಷಿಣಿ ಪಿಕಲ್‌ಳೊಡನೆ ಕೇಟಿಗೆ ಬಂದಳು. ಕಾರಿನ ಸದ್ದು ಕೇಳಿ ತಿರುಮಲ ಬಾಗಿಲಿಗೆ ಓಡಿದ, ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. ಅವಳು ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟಳು. ಹಾಳೆಯನ್ನು ಮಾತ್ರ ಅವನನ್ನು ದಾಟಿ ಒಳಗೆ ಹೋಗಿ ಅಮ್ಮನ ಕೈಗೆ ಕೊಟ್ಟಳು.

"ಅಮ್ಮ, ನೀನು ಓದು. ಅಪ್ಪ ಮಾಡ್ಲಿ," ಎಂದಳು.

ಅವಳು ಡಲ್ಲಾಸಿಗೆ ಹೊರಟ ಮೇಲೆ ಗೋದಾವರಿ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯಿಂದ ಎರಡಡಿ ದೂರದ ಕುರ್ಚಿಯಲ್ಲಿ ಕೂತಳು. ಒಂದನೇ ಸಾಲು ಓದಿದಳು. ತಿರುಮಲ ಬಿಳಿ ಡಬ್ಬಿಯ ಮುಚ್ಚಳ ತೆಗೆದ. ಎರಡನೇ ಸಾಲು ಓದಿದಳು. ಅವನು ಜೀರುಂಡೆಯನ್ನು ಪುಡಿಯಲ್ಲಿ ಹೊರಳಿಸಿ ತೋರಿಸಿದ. ಇನ್ನೂ ಬೆಳ್ಳಗಾಗಲಿ ಎಂದಳು, ಅವನು ಇನ್ನೂ ಬೆಳ್ಳಗೆ ಮಾಡಿದ. ಮಧ್ಯದಲ್ಲಿ ಅವನಿಗೆ ದೀಪದ ಎತ್ತರದ ಬಗ್ಗೆ ಒಂದು ಅಭಿಪ್ರಾಯ ಹೊಳೆಯಿತು. ಬಾಯಿಯವರೆಗೂ ಬಂತು.

"ಹಾಳೇಲಿ ಇದೆಯಾ?" ಎಂದಳು ಗೋದಾವರಿ, ತಲೆಯೆತ್ತದೆ.

"ಇಲ್ಲ."

"ಮತ್ತೆ?"

ತಿರುಮಲ ಜೀರುಂಡೆಯನ್ನು ಕಾಗದದ ಮೇಲೆ ಬಿಟ್ಟ. ಪಿಕಲ್ ತಲೆ ಎತ್ತಿ ನೋಡಿದಳು. ಗಟ್ಟಿಯಾದ ಸೊಟ್ಟ ಕಾಲಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತ, ದೋಣಿಯ ಹಾಗೆ ತೂಗುತ್ತ ಹತ್ತಿರ ಬಂದಳು. ಒಮ್ಮೆ ಬಾಯಿ ಹಾಕಿದಳು, ಓರೆಯಾದ ದವಡೆ ಗುರಿ ತಪ್ಪಿತು. ಹುಳು ಒಂದು ಗೇಣು ಮುಂದೆ ಹೋಯಿತು. ತಿರುಮಲನ ಕೈ ಅದನ್ನು ಹಿಡಿದು ಅವಳ ಬಾಯಿಗೇ ಇಡಲು ಮುಂದಾಯಿತು. ಗೋದಾವರಿ ಹಾಳೆಯ ಕೊನೆಯ ಸಾಲನ್ನು ಓದಿದಳು: ಅವಳು ಎರಡನೇ ಸಲ ಹಿಡೀತಾಳೆ, ಕಾಯಬೇಕು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಮಡಿಲಲ್ಲಿ ಇಟ್ಟುಕೊಂಡು, ಕಾದ.